ಉಲ್ಕಾನ್ ಹೇಳದೆ ಉಳಿಸಿಕೊಂಡ ಹೊಳೆದಾರಿ

ಚಳಿಗಾಲದಲ್ಲಿ ಕುದುರೆಯ ಬಾಯಿಗೆ ಕಡಿವಾಣ ಹಾಕುವ ಮೊದಲು ಉಲ್ಕಾನ್ ಅದನ್ನು ತನ್ನ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡುತ್ತಿದ್ದಳು. ಹೆಪ್ಪುಗಟ್ಟಿದ ಕಬ್ಬಿಣ ತಗುಲಿದರೆ ಕುದುರೆಯ ನಾಲಿಗೆಯ ಚರ್ಮವೇ ಕಿತ್ತು ಬರುತ್ತದೆ. ಇದನ್ನು ಅವಳಿಗೆ ಕಲಿಸಿದವನು ಮಾವ ತುರ್ದುಬಾಯ್. ಯುದ್ಧಕ್ಕೆ ಹೋದ ಗಂಡ ಹಿಂದಿರುಗಲಿಲ್ಲ, ಮಾವನ ಕಣ್ಣಿಗೆ ಪೊರೆ ಬಂದಿತ್ತು, ಕೊಲ್ಖೋಜಿನ, ಅಂದರೆ ಊರಿನ ಸಾಮೂಹಿಕ ಬೇಸಾಯದ, ಲಾಯದಲ್ಲಿ ಗಂಡಸರೇ ಇರಲಿಲ್ಲ. ಹತ್ತೊಂಬತ್ತರ ಸೊಸೆಯ ಕೈಗೆ ಮುದುಕ ಲಗಾಮು ಕೊಟ್ಟ.

ಅವನು ಪಕ್ಕದಲ್ಲಿ ಕೂತು ಕಿವಿಯಿಂದಲೇ ಕಲಿಸಿದ. ಲಾಳದ ಮೊನೆ ಸವೆದಿದೆಯೋ ಇಲ್ಲವೋ ಹೆಜ್ಜೆಯ ಸದ್ದಿನಲ್ಲೇ ಹೇಳುತ್ತಿದ್ದ. ಗೊರಸಿನೊಳಗೆ ಹಿಮ ಉಂಡೆಗಟ್ಟದಂತೆ ಕುರಿಯ ಕೊಬ್ಬು ಸವರಬೇಕು. ಇಳಿಜಾರಿನಲ್ಲಿ ಜಾರುಬಂಡಿಯ ಹಲಗೆಯಡಿ ಸರಪಳಿ ಸುತ್ತಬೇಕು, ಇಲ್ಲದಿದ್ದರೆ ಬಂಡಿಯೇ ಕುದುರೆಯ ಹಿಂಗಾಲಿಗೆ ಬಡಿಯುತ್ತದೆ. ಬೆವೆತ ಕುದುರೆಗೆ ನೀರು ಕೊಡಬಾರದು. ಉಣ್ಣೆಹೊದಿಕೆ ಹಾಕಿ, ಬೆವರು ಆರುವ ತನಕ ಮೆಲ್ಲಗೆ ನಡೆಸಬೇಕು. "ಅದರ ಮೈ ಆರೋ ತನಕ ನೀನೂ ಒಲೆ ಹತ್ರ ಹೋಗ್ಬೇಡ ಸೊಸೆ. ನೀನು ಬೆಚ್ಚಗಾದ್ರೆ ಅದನ್ನ ಮರೀತೀಯ" ಎನ್ನುತ್ತಿದ್ದ.

ಕಾರಾ-ತೆರೆಕ್ ಊರಿನಿಂದ ಆಸ್ಪತ್ರೆಯಿದ್ದ ಆಚೆ ಕಣಿವೆಗೆ ಹೋಗಲು ಬೂಗೂ ಕಣಿವೆದಾರಿಯೊಂದೇ ಗತಿ. ಮುಂಜಾನೆ ಬಿಟ್ಟರೆ ಸಂಜೆಗೆ ಮುಟ್ಟುತ್ತಿತ್ತು. ಆದರೆ ಯುದ್ಧದ ಮೂರನೆಯ ಚಳಿಗಾಲದಲ್ಲಿ ಆ ದಾರಿ ತಿಂಗಳುಗಟ್ಟಲೆ ಹಿಮದಡಿ ಮುಚ್ಚಿಹೋದಾಗ ಮಾವ ಅವಳನ್ನು ಕೆಳಗಿನ ಕೊರಕಲಿಗೆ, ಹೆಪ್ಪುಗಟ್ಟಿದ ಹೊಳೆಯ ಮೇಲೆ ಕರೆದೊಯ್ದಿದ್ದ. ದುಪ್ಪಟ್ಟು ದೂರ, ನಡುವೆ ಒಂದು ರಾತ್ರಿ ಕುರುಬರ ಚಳಿಗಾಲದ ದೊಡ್ಡಿಯಲ್ಲಿ ತಂಗಬೇಕು. ಎಲ್ಲಿ ಮಂಜುಗಡ್ಡೆಯ ಕೆಳಗೆ ನೀರು ಇಳಿದು ಟೊಳ್ಳಾಗಿರುತ್ತದೆ, ಎಲ್ಲಿ ದಡ ಹತ್ತಿ ಬಳಸಿ ಹೋಗಬೇಕು ಎಂದು ಬಡಿದ ಸದ್ದಿನಿಂದಲೇ ಮೂರು ಜಾಗ ತೋರಿಸಿದ. ಇಬ್ಬರೂ ಸೇರಿ ಎರಡು ಸಲ ಬಾರ್ಲಿ ಸಾಗಿಸಿದರು. ಮರುವರ್ಷ ಮುದುಕ ತೀರಿಕೊಂಡ. ಆ ದಾರಿ ಊರಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ, ಅವಳೂ ಅದರ ಮಾತು ಎತ್ತಲಿಲ್ಲ.

ಯುದ್ಧ ಮುಗಿದು, ಉಳಿದುಬಂದ ಗಂಡಸರು ಲಾಯ ತುಂಬಿಕೊಂಡರೂ ಚಳಿಗಾಲದ ಬಂಡಿ ಅವಳ ಕೈಯಲ್ಲೇ ಉಳಿಯಿತು. ಬಸುರಿಯರು, ಟಪಾಲು, ಸಕ್ಕರೆ ಮೂಟೆ, ಹಲ್ಲುನೋವಿನ ಮಾಸ್ತರು, ಎಲ್ಲರನ್ನೂ ದಾಟಿಸಿದಳು. ಒಬ್ಬರಿಗೂ ಒಂದು ಗಾಯ ಆಗಲಿಲ್ಲ. ದೊಡ್ಡವರು ಚಿಕ್ಕವರೆನ್ನದೆ ಎಲ್ಲರೂ ಅವಳನ್ನು ಎಜೆ, ಅಂದರೆ ಅಕ್ಕ, ಎಂದೇ ಕರೆಯತೊಡಗಿದರು.

ಹಾಗೆ ಕರೆಯದೇ ಇದ್ದವನು ಶಾರ್ಶೆನ್, ಲಾಯದ ಮೇಸ್ತ್ರಿ. ಅವಳಿಗಿಂತ ಎಂಟು ವರ್ಷ ದೊಡ್ಡವನು. ದೊಡ್ಡ ದನಿ, ಒಳ್ಳೆಯ ಸವಾರ. ಒಂದು ಚಳಿಗಾಲ ಅವನನ್ನು ಆಚೆ ಕಣಿವೆಯ ಸಭೆಗೆ ಕರೆದೊಯ್ಯುವಾಗ, ಏರು ಅರ್ಧ ಹತ್ತಿದ ಮೇಲೆ ಉಲ್ಕಾನ್ ಬಂಡಿ ನಿಲ್ಲಿಸಿ ಚಾವಟಿಯ ಹಿಡಿಯನ್ನು ಹಿಮಕ್ಕೆ ಚುಚ್ಚಿ ನೋಡಿದಳು. ಮೇಲೆ ಹೊಸ ಹಿಮ, ಒಳಗೆ ಗಾಜಿನಂಥ ಪದರ. ಮೇಲಿನದು ಜಾರಿದರೆ ಬಂಡಿಯೂ ಅದರಡಿ. ಒಂದೂ ಮಾತಾಡದೆ ಬಂಡಿ ತಿರುಗಿಸಿದಳು. ಆ ದಿನ ಬೆಟ್ಟದಿಂದ ಒಂದು ಹಿಡಿ ಹಿಮವೂ ಜಾರಲಿಲ್ಲ. ಸಭೆ ತಪ್ಪಿದ್ದಕ್ಕೆ ಶಾರ್ಶೆನ್ ಮೇಲಿನವರಿಂದ ಬೈಸಿಕೊಂಡ. ಮರುದಿನ ಲಾಯದಂಗಳದಲ್ಲಿ ಎಲ್ಲರ ಮುಂದೆ ಅಂದ: "ಈಕೆ ಕುದುರೆ ಓಡ್ಸಲ್ಲ ಕಣ್ರೋ, ತೊಟ್ಟಿಲಲ್ಲಿ ಹಾಕಿ ತೂಗ್ತಾಳೆ! ಇವತ್ತಿಂದ ಇವಳ ಹೆಸರು ವಾಪಸ್ ಉಲ್ಕಾನ್."

ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಸರು ಅಂಟಿಕೊಂಡಿತು. ಬಾವಿಕಟ್ಟೆಯಲ್ಲಿ ಹೆಂಗಸರು, ಶಾಲೆಯ ಬೇಲಿಯಾಚೆಯಿಂದ ಮಕ್ಕಳು, "ವಾಪಸ್ ಎಜೆ, ಇವತ್ತು ಎಲ್ಲಿ ತನಕ?" ಎಂದು ಕೇಳುವಂತಾಯಿತು. ಅವಳೂ ನಗುತ್ತಿದ್ದಳು. ಒಳಗೆ ಮಾತ್ರ ಅದು ಉಗುರಿನಡಿಯ ಸಿಬಿರಿನ ಹಾಗೆ ಕೂತಿತ್ತು.

ಮುಂದಿನ ವರ್ಷ ಫೆಬ್ರವರಿಯ ಒಂದು ಬೆಳಗ್ಗೆ ಅವಳು ತನ್ನ ಕೆಂಗಂದು ಕುದುರೆ ಜೀರ್ದೆಯ ಮೈ ತಿಕ್ಕುತ್ತಿದ್ದಾಗ ಶಾರ್ಶೆನ್ ಲಾಯದ ಬಾಗಿಲಲ್ಲಿ ಬಂದು ನಿಂತ. ಟೊಪ್ಪಿ ಕೈಯಲ್ಲಿತ್ತು.

"ಉಲ್ಕಾನ್, ಅಮ್ಮನಿಗೆ ತುಂಬ ಜಾಸ್ತಿಯಾಗಿದ್ಯಂತೆ. ಆಚೆ ಕಣಿವೇಲಿ ಅಕ್ಕನ ಮನೇಲಿದಾರೆ. ನನ್ನ ಹೆಸರು ಹಿಡಿದು ಕರೀತಿದಾರಂತೆ. ಬಂಡಿ ಕಟ್ಟು."

ಅವಳು ಹೊರಗೆ ಬಂದು ನೋಡಿದಳು. ಪಡುವಣದ ಗಾಳಿ ಬೂಗೂ ಬೆಟ್ಟದ ನೆತ್ತಿಯಿಂದ ಹಿಮದ ಹೊಗೆ ಎಬ್ಬಿಸುತ್ತಿತ್ತು. ಎರಡು ದಿನದ ಹೊಸ ಹಿಮ ಹಾಗೇ ಕೂತಿತ್ತು. ಮಧ್ಯಾಹ್ನದೊಳಗೆ ಬಿರುಗಾಳಿ ಖಂಡಿತ.

"ಆಗಲ್ಲ ಬಾಯ್ಕೆ" ಎಂದಳು. ದೊಡ್ಡವನಾದ್ದರಿಂದ ಅಣ್ಣ ಎನ್ನದೆ ವಿಧಿಯಿರಲಿಲ್ಲ. "ಬೂಗೂ ಇವತ್ತು ಯಾರನ್ನೂ ದಾಟಿಸಲ್ಲ."

"ಎದೆ ಮೇಲೆ ಕೈಯಿಟ್ಟು ಕೇಳ್ತಿದೀನಿ. ನಿನ್ನಷ್ಟು ದಾರಿ ಬಲ್ಲೋರು ಯಾರಿದಾರೆ? ಏನಾದ್ರೂ ಮಾಡು."

ಹೊಳೆದಾರಿ ಅವಳ ನಾಲಿಗೆಯ ತುದಿಗೆ ಬಂದಿತ್ತು. ಕೊರಕಲಲ್ಲಿ ಗಾಳಿ ತಾಗುವುದಿಲ್ಲ, ಮಂಜುಗಡ್ಡೆ ಆ ತಿಂಗಳು ಗಟ್ಟಿಯಾಗಿರುತ್ತದೆ, ನಾಳೆ ಮಧ್ಯಾಹ್ನಕ್ಕೆ ಮುಟ್ಟಬಹುದು. ಆದರೆ ಆ ಅಂಗಳ, ಆ ನಗು, ಅದೇ ಬಾಗಿಲು. ಅವಳ ಬಾಯಿಂದ ಬಂದದ್ದೇ ಬೇರೆ.

"ನಾನು ವಾಪಸ್ ಉಲ್ಕಾನ್ ಅಲ್ವಾ? ಹೊರಡೋ ಮೊದಲೇ ವಾಪಸ್ ಬಂದಿದೀನಿ ಅಂದ್ಕೊಳ್ಳಿ."

ಶಾರ್ಶೆನ್ ಒಂದು ಕ್ಷಣ ಅವಳ ಮುಖ ನೋಡಿದ. ಟೊಪ್ಪಿ ಹಾಕಿಕೊಂಡು ಹೊರಟುಹೋದ. ಉಲ್ಕಾನ್ ಮತ್ತೆ ಜೀರ್ದೆಯ ಮೈ ತಿಕ್ಕತೊಡಗಿದಳು. ಮನಸ್ಸಿಗೆ ಹಿತವಾಗಿತ್ತು. ಆ ಹಿತವನ್ನು ಅವಳು ಸಾಯುವವರೆಗೂ ಮರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ತನ್ನ ಕರಿ ಕುದುರೆಗೆ ಜೀನು ಬಿಗಿದು ಬೆಟ್ಟದ ಕಡೆ ಹೊರಟಿದ್ದು ಕಾಣಿಸಿತು. ಕೂಗಿದ್ದರೆ ಕೇಳಿಸುವಷ್ಟು ಹತ್ತಿರದಲ್ಲೇ ಇದ್ದ. ಅರ್ಧ ಏರು ಹತ್ತಿ ತಾನೇ ತಿರುಗಿ ಬರುತ್ತಾನೆ, ಆಗ ಯಾರು ವಾಪಸ್ ಎಂದು ನೋಡೋಣ ಎಂದುಕೊಂಡಳು.

ನಡುಹಗಲಿಗೆ ಹಿಮ ಕುಸಿದು ಬೆಟ್ಟ ಗುಡುಗಿತು. ಊರಿನ ಕಿಟಕಿಗಳು ನಡುಗಿದವು. ಅದರ ಬೆನ್ನಿಗೇ ಬಿರುಗಾಳಿ ಬಂತು. ಮರುದಿನ ಬೆಳಕು ಹರಿಯುವ ತನಕ ಯಾರೂ ಹೊಸಿಲು ದಾಟಲಾಗಲಿಲ್ಲ.

ಗಾಳಿ ನಿಂತಕೂಡಲೆ ಮೊದಲು ಹೊರಟವಳು ಅವಳೇ. ಇಬ್ಬರು ಗಂಡಸರು ಗುದ್ದಲಿ ಹಿಡಿದು ಬಂಡಿ ಹತ್ತಿದರು. ಏರಿನ ಬುಡದಲ್ಲೇ ಹಿಮದ ಗುಡ್ಡೆಯಿಂದ ಹೊರಚಾಚಿದ್ದ ಒಂದು ತೋಳು ಕಂಡಿತು. ಶಾರ್ಶೆನ್‌ಗೆ ಜೀವವಿತ್ತು. ಸತ್ತ ಕುದುರೆಯ ಮೈಶಾಖ ಅವನ ಎದೆಯನ್ನು ಉಳಿಸಿತ್ತು. ಅದರಡಿ ಸಿಕ್ಕಿಬಿದ್ದ ಕಾಲುಗಳು ಮಾತ್ರ ಕಟ್ಟಿಗೆಯಾಗಿದ್ದವು.

"ಆಸ್ಪತ್ರೆಗೆ ಹೆಂಗೆ? ಬೂಗೂ ಮುಚ್ಚಿಹೋಯ್ತಲ್ಲ" ಎಂದು ಒಬ್ಬ ತಲೆ ಹಿಡಿದುಕೊಂಡ.

"ಹೊಳೆ ಮೇಲೆ" ಎಂದಳು ಉಲ್ಕಾನ್.

"ಹುಚ್ಚಾ ನಿಂಗೆ ಎಜೆ?"

"ಹೂಂ, ಹುಚ್ಚು. ಅವರ ಕಾಲಿನ ಮೇಲೆ ಕಂಬಳಿ ಎಳಿ."

ಎರಡು ದಿನ ಅವಳು ಮಂಜುಗಡ್ಡೆಯ ಮೇಲೆ ಕುದುರೆಯ ಮುಂದೆ ಮುಂದೆ ನಡೆದಳು, ಚಾವಟಿಯ ಹಿಡಿಯಿಂದ ಬಡಿದು ಸದ್ದು ಕೇಳುತ್ತ. ಮೂರು ಕಡೆ ದಡ ಹತ್ತಿಸಿದಳು. ಜೀರ್ದೆಯ ಮೂಗಿನಲ್ಲಿ ಹೆಪ್ಪುಗಟ್ಟುವ ಹಿಮವನ್ನು ಬರಿಗೈಯಿಂದ ತೆಗೆದಳು. ಎಲ್ಲವೂ ಮಾವ ಹೇಳಿದಂತೆಯೇ ಇತ್ತು, ಎಲ್ಲವೂ ಸುಲಭವಾಗಿತ್ತು. ಅದೇ ಅವಳಿಗೆ ತಡೆಯಲಾಗದ್ದು. ಶಾರ್ಶೆನ್ ಜ್ವರದಲ್ಲಿ ಅಮ್ಮನನ್ನು ಕರೆಯುತ್ತಿದ್ದ. ಹೊರಟ ಮರುದಿನ ಮಧ್ಯಾಹ್ನ ಆಸ್ಪತ್ರೆಯ ಮುಂದೆ ಬಂಡಿ ನಿಂತಾಗ ಅವನ ಅಕ್ಕನ ಮನೆಯಿಂದ ಅಳು ಕೇಳಿಸುತ್ತಿತ್ತು. ತಾಯಿ ಆ ಬೆಳಗ್ಗೆ ಕಣ್ಣು ಮುಚ್ಚಿದ್ದಳು.

ಶಾರ್ಶೆನ್‌ನ ಎರಡೂ ಪಾದ ಹೋದವು. ಊರಿಗೆ ಬಂದವನೇ ಎಲ್ಲರನ್ನೂ ಕರೆದು ಕುರಿ ಕಡಿಸಿದ. ಅತಿಥಿಗಳಲ್ಲಿ ಹಿರಿಯರಿಗೆ ಸಲ್ಲುವ ತುಂಡನ್ನು ತನ್ನ ಕೈಯಾರೆ ಉಲ್ಕಾನ್ ತಟ್ಟೆಗೆ ಹಾಕಿದ. "ನನ್ನ ಬಾಯಿ ಸುಟ್ಟುಹೋಗ್ಲಿ, ಇವಳಿಗೆ ಏನೇನೋ ಅಂದೆ" ಎಂದು ಅತ್ತ. "ನನಗೋಸ್ಕರ ಯಾರೂ ಕಾಲಿಡದ ಹೊಳೆ ಮೇಲೆ ಕುದುರೆ ಬಿಟ್ಟಳು. ಇನ್ಮೇಲೆ ನನಗೂ ಇವಳು ಎಜೆ." ಆ ದಾರಿ ತನಗೆ ಮೊದಲೇ ಗೊತ್ತಿತ್ತೆಂದು ಉಲ್ಕಾನ್ ಆಗಲೇ ಹೇಳಬೇಕಿತ್ತು. ಸುತ್ತ ಅಷ್ಟು ಜನ ಕಣ್ಣೊರೆಸಿಕೊಳ್ಳುತ್ತಿದ್ದರು, ಹೇಳಲಿಲ್ಲ.

ಒಂದು ವರ್ಷ ಹೇಳದೆ ಕಳೆದರೆ ಎರಡನೆಯ ವರ್ಷ ಹೇಳುವುದು ಇನ್ನೂ ಕಷ್ಟ. ಹೀಗೆ ಇಪ್ಪತ್ತೆಂಟು ವರ್ಷ ಹೋಯಿತು. ಜೀರ್ದೆ ಸತ್ತು, ಅದರ ನಂತರದ ಎರಡು ಕುದುರೆಗಳೂ ಮುದಿಯಾದವು. ಪ್ರತಿ ಚಳಿಗಾಲ ಶಾರ್ಶೆನ್‌ನನ್ನು ಎತ್ತಿ ಬಂಡಿಯಲ್ಲಿ ಕೂರಿಸಿ ಮದುವೆಗೆ, ಸಾವಿಗೆ, ಊರಿನ ಸಾಮೂಹಿಕ ಸ್ನಾನದ ಮನೆಗೆ ಕರೆದೊಯ್ಯುವವಳು ಅವಳೇ. ದಾರಿಯುದ್ದಕ್ಕೂ ಅವನು ತಮಾಷೆ ಮಾಡುತ್ತಿದ್ದ: "ನಿಧಾನ ಎಜೆ, ಕಾಲು ಜಾರೀತು, ನನಗಲ್ಲ, ನಿಂಗೆ!" ಇಷ್ಟರಲ್ಲಿ ಅವಳಿಗೊಂದು ಅಭ್ಯಾಸ ಬೆಳೆದಿತ್ತು. ದಾರಿ ಸರಿಯಿಲ್ಲವೆಂದು ಯಾರನ್ನಾದರೂ ನಿಲ್ಲಿಸಿದರೆ, ಒಳಗೆ ಕೂರಿಸಿ, ಚಹಾ ಕೊಟ್ಟು, ಬೇರೆ ಯಾವ ದಾರಿ, ಯಾವ ಹೊತ್ತು, ಯಾರ ಮನೆಯಲ್ಲಿ ತಂಗಬೇಕು ಎಂದು ಹೇಳಿ ಮುಗಿಸುವ ತನಕ ಏಳಲು ಬಿಡುತ್ತಿರಲಿಲ್ಲ. ವಯಸ್ಸಾಯಿತು, ಮಾತು ಜಾಸ್ತಿಯಾಯಿತು ಎಂದು ಜನ ನಗುತ್ತಿದ್ದರು.

ಶಾರ್ಶೆನ್‌ನ ಮೊಮ್ಮಗನ ಮದುವೆಯಲ್ಲಿ ಅವನು ಹೊಸ ಸೊಸೆಯನ್ನು ಹತ್ತಿರ ಕರೆದು, ಮತ್ತೊಮ್ಮೆ ಹೊಳೆಯ ಕತೆ ಹೇಳಿದ. ಆ ಹುಡುಗಿ ಎದ್ದು ಬಂದು ಉಲ್ಕಾನ್‌ಳ ಕೈಗೆ ಮುತ್ತಿಟ್ಟಳು. ಮರುದಿನ ಅವನನ್ನು ಸ್ನಾನದ ಮನೆಗೆ ಕರೆದೊಯ್ಯುವಾಗ, ಪಾಪ್ಲರ್ ಮರಗಳ ಸಾಲಿನ ನಡುವೆ ಉಲ್ಕಾನ್ ಬಂಡಿ ನಿಲ್ಲಿಸಿದಳು. ತಿರುಗಿ ನೋಡದೆ ಹೇಳಿದಳು:

"ಬಾಯ್ಕೆ, ಹೊಳೆದಾರಿ ನನಗೆ ಯುದ್ಧದ ಕಾಲದಿಂದಲೂ ಗೊತ್ತಿತ್ತು."

ಲಗಾಮನ್ನು ಮಡಿಲಿಗಿಟ್ಟುಕೊಂಡು ಮುಂದುವರಿಸಿದಳು:

"ನೀವು ಬಾಗಿಲಲ್ಲಿ ನಿಂತು ಕೇಳಿದಾಗಲೂ ಗೊತ್ತಿತ್ತು. ಬೇಕಂತಲೇ ಹೇಳ್ಲಿಲ್ಲ."

"ಆ ಬೆಳಗ್ಗೆನೇ ಹೊರಟಿದ್ರೆ ಅಮ್ಮ ಸಿಗ್ತಿದ್ರಾ?"

ಈ ಲೆಕ್ಕವನ್ನು ಅವಳು ಎಷ್ಟೋ ಸಾವಿರ ಸಲ ಹಾಕಿದ್ದಳು. "ಮರುದಿನ ಮಧ್ಯಾಹ್ನಕ್ಕೆ ಮುಟ್ತಿದ್ವಿ. ಅವರು ಹೋಗಿದ್ದು ಅದರ ಮಾರನೇ ಬೆಳಗ್ಗೆ."

ಕುದುರೆ ಸೀನಿತು. ಶಾರ್ಶೆನ್ ಅಂದ: "ಕಾಲು ಹೋಗಿದ್ದು ನನ್ನ ಹಟದಿಂದ. ಅದು ನಿನ್ನ ತಲೆಗೆ ಕಟ್ಟಲ್ಲ. ಆದ್ರೆ ಅಮ್ಮ..." ಕಂಬಳಿಯನ್ನು ಮೊಣಕಾಲಿನ ಮೇಲೆ ಎಳೆದುಕೊಂಡ. "ಇಷ್ಟು ವರ್ಷ ನನ್ನ ಬಾಯಲ್ಲಿ ನಿನ್ನ ಹೊಗಳಿಸ್ಕೊಂಡ್ಯಲ್ಲ. ಮನೆ ಕಡೆ ತಿರುಗ್ಸು."

ಅವಳು ಬಂಡಿ ತಿರುಗಿಸಿದಳು.

ಆಮೇಲೆ ಅವನು ಅವಳ ಬಂಡಿ ಹತ್ತಲಿಲ್ಲ. ಮಗ ಟ್ರ್ಯಾಕ್ಟರಿನಲ್ಲಿ ಕರೆದೊಯ್ಯುತ್ತಿದ್ದ. ಬೀದಿಯಲ್ಲಿ ಕಂಡರೆ ತಲೆಯಾಡಿಸುತ್ತಿದ್ದ, ಅಷ್ಟೇ. ಉಲ್ಕಾನ್ ಎರಡು ಸಲ ಬಿಸಿ ಬೋರ್ಸೋಕ್, ಹಿಟ್ಟಿನ ಸಣ್ಣ ತುಂಡುಗಳನ್ನು, ಕರಿದು ಕೊಟ್ಟು ಕಳಿಸಿದಳು. ಪಾತ್ರೆ ತೊಳೆದು ವಾಪಸು ಬಂತು, ಮಾತು ಬರಲಿಲ್ಲ. ಹೇಳಿದ್ದು ತಪ್ಪಾಯಿತೇ, ತಡವಾಗಿ ಹೇಳಿದ್ದು ತಪ್ಪಾಯಿತೇ, ಅವಳಿಗೆ ತಿಳಿಯಲಿಲ್ಲ.

ಎರಡು ಚಳಿಗಾಲ ಕಳೆದು ಶಾರ್ಶೆನ್ ತೀರಿಕೊಂಡ. ಗಂಡಸರು ಹೆಣ ಹೊತ್ತು ಹೋದ ಮೇಲೆ ಹೆಂಗಸರು ವಾಡಿಕೆಯಂತೆ ಗೋಡೆಗೆ ಮುಖ ಮಾಡಿ ಹಾಡಿ ಅಳುತ್ತಿದ್ದರು. ಅವನ ಹೆಂಡತಿ ಸೈರಾ ಅಳು ನಿಲ್ಲಿಸಿ ಉಲ್ಕಾನ್ ಕಡೆ ಬಾಗಿದಳು.

"ಎಜೆ, ಒಂದು ಕೇಳ್ತೀನಿ. ಹೊಳೆ ಕತೆ ಹೇಳೋದನ್ನ ಅವರು ಒಂದೇ ಸಲ ನಿಲ್ಲಿಸಿಬಿಟ್ರು. ಮೊಮ್ಮಕ್ಕಳು ಕೇಳಿದ್ರೂ ಹೇಳ್ಲಿಲ್ಲ. ನಿನ್ನ ಬಗ್ಗೆ ಕೆಟ್ಟದ್ದೂ ಅನ್ನಲಿಲ್ಲ. ಏನಾಗಿತ್ತು ನಿಮ್ಮಿಬ್ಬರ ಮಧ್ಯೆ?"

ಶಾರ್ಶೆನ್ ಅದನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ತಾನೂ ಹಾಗೇ ಇದ್ದುಬಿಡಬಹುದಿತ್ತು. ಉಲ್ಕಾನ್ ಸೈರಾಳ ಕೈ ಹಿಡಿದು, ಲಾಯದ ಬಾಗಿಲಿನಿಂದ ಶುರು ಮಾಡಿ, ತಾನು ಆಡಿದ ಮಾತನ್ನೂ ಬಿಡದೆ, ಎಲ್ಲವನ್ನೂ ಹೇಳಿದಳು. ಸೈರಾ ಕೈ ಬಿಡಿಸಿಕೊಳ್ಳಲಿಲ್ಲ, ಒತ್ತಲೂ ಇಲ್ಲ. ಕೇಳಿ ಮುಗಿದ ಮೇಲೆ ಗೋಡೆಗೆ ತಿರುಗಿ ಮತ್ತೆ ಅಳತೊಡಗಿದಳು. ಉಲ್ಕಾನ್ ಅವಳ ಪಕ್ಕದಲ್ಲೇ ಕೂತಿದ್ದಳು, ಗಂಡಸರು ಗೋರಿಯಿಂದ ಹಿಂದಿರುಗುವ ತನಕ.