ಬಿ-ಒನ್ ಪುಡಿಯ ಕಾರ್ಬೀನು

ಅಡರಕಟ್ಟಿಯ ಮಕ್ತುಮಸಾಬರ ಮಗಳು ಸಾಯಿಮಾ ಧಾರವಾಡದಲ್ಲಿ ಆರು ವರ್ಷ ಕಾರ್ಬೀನುಗಳ ಮೇಲೆ ಸಂಶೋಧನೆ ಮಾಡಿದಳು. ನಾಲ್ಕು ಬಂಧ ಬೇಕಾದ ಇಂಗಾಲಕ್ಕೆ ಎರಡೇ ಸಿಕ್ಕರೆ ಅದು ಕಾರ್ಬೀನು. ಹುಟ್ಟಿದ ಕ್ಷಣವೇ ಎದುರಿಗೆ ಸಿಕ್ಕಿದ್ದನ್ನು ಹಿಡಿದು ಬೇರೇನೋ ಆಗಿಬಿಡುತ್ತದೆ. ಆದರೆ ಉಂಗುರದಂಥ ಅಣುವಿನಲ್ಲಿ ಎರಡು ಸಾರಜನಕಗಳ ನಡುವೆ ಕೂರಿಸಿದರೆ ತಾಳಿಕೊಳ್ಳುತ್ತದೆ. ಲೋಹದ ಜೊತೆಗೋ ಒಂಟಿಯಾಗಿಯೋ ನಿಂತು ಬೇರೆ ಅಣುಗಳನ್ನು ಕೂಡಿಸುತ್ತದೆ. ಆ ಕೆಲಸಕ್ಕೆ ಗಾಳಿ ತಾಗದ ಗಾಜಿನ ಪೆಟ್ಟಿಗೆ ಬೇಕು.

ಲಕ್ಷ್ಮೇಶ್ವರದ ಪದವಿ ಕಾಲೇಜಿಗೆ ಅವಳು ಅತಿಥಿ ಉಪನ್ಯಾಸಕಿಯಾಗಿ ಬಂದಾಗ ಅಂಥ ಪೆಟ್ಟಿಗೆಯ ಮಾತಿರಲಿ, ನೆಟ್ಟಗಿನ ತಕ್ಕಡಿಯೂ ಅಲ್ಲಿರಲಿಲ್ಲ. ಕಲಿತದ್ದನ್ನು ಧಾರವಾಡದಲ್ಲೇ ಬಿಟ್ಟು ಬಂದೆ ಎಂದುಕೊಂಡು ಎರಡು ವರ್ಷ ಸುಮ್ಮನೆ ಪಾಠ ಮಾಡಿದಳು.

ಒಂದು ದಿನ ಬೆಂಜಾಲ್ಡಿಹೈಡ್ ಎಂಬ ದ್ರವದ ಎರಡೆರಡು ಅಣು ಕೂಡಿಸಿ ಬೆಂಜೋಯಿನ್ ಎಂಬ ಬಿಳಿ ಹರಳು ಮಾಡುವುದನ್ನು ಹಲಗೆಯ ಮೇಲೆ ಬರೆಯುತ್ತಿದ್ದಾಗ ವಿದ್ಯಾರ್ಥಿನಿ ಕುರ್ತಕೋಟಿಯ ಶೃತಿ ಎದ್ದು ನಿಂತಳು.

"ಮೇಡಂ, ಇದನ್ನ ನಾವು ಮಾಡಿ ನೋಡಾಕ ಬರೂದಿಲ್ಲೇನ್ರಿ?"

"ಅದಕ್ಕ ಸಯನೈಡ್ ಬೇಕವಾ. ವಿಷ ಅದು," ಎಂದವಳು ಅಲ್ಲೇ ಮಾತು ನಿಲ್ಲಿಸಿದಳು. ಸಯನೈಡಿನ ಕೆಲಸವನ್ನು ಕಾರ್ಬೀನೂ ಮಾಡುತ್ತದೆ. ಕ್ಷಾರ ಬೆರೆಸಿದರೆ ಬಿ-ಒನ್ ಜೀವಸತ್ವವೇ ಕಾರ್ಬೀನಾಗುತ್ತದೆ. ಅದರಲ್ಲಿ ಇಂಗಾಲದ ಒಂದು ಬದಿಗೆ ಸಾರಜನಕ, ಇನ್ನೊಂದು ಬದಿಗೆ ಗಂಧಕ. ಗಾಜಿನ ಪೆಟ್ಟಿಗೆಯ ಹಂಗೂ ಇಲ್ಲ.

ಮರುವಾರ ಬಿ-ಒನ್ ಪುಡಿ ತರಿಸಿದಳು. ಎರಡು ಸಲ ಮಾಡಿದರೂ ಹಳದಿ ನೀರು ಹಾಗೇ ಉಳಿಯಿತು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲರೂ ಹೋದ ಮೇಲೆ ಗಾಜು ತೊಳೆಯುತ್ತಿದ್ದ ಅಟೆಂಡರ್ ಮೂಕಪ್ಪ ಬಾಯಿಬಿಟ್ಟ.

"ಸಿಟ್ಟಾಗಬ್ಯಾಡ್ರಿ ಮೇಡಂ. ಆ ಬಾಟ್ಲಿ ಬಾಯಿ ನೋಡ್ರಿ, ಬೆಳ್ಳಗ ಉಪ್ಪಿನಂಗ ಕಟ್ಟೇತಿ. ಹ್ವಾದ ವರ್ಸ ಇದು ಇರಲಿಲ್ಲ."

ಅದು ಬೆಂಜಾಲ್ಡಿಹೈಡಿನ ಬಾಟಲಿ. ಗಾಳಿ ತಾಗಿ ಅರ್ಧ ಆಮ್ಲವಾಗಿತ್ತು. ಹಾಕಿದ ಕ್ಷಾರವನ್ನೆಲ್ಲ ಆ ಆಮ್ಲವೇ ನುಂಗಿತ್ತು. ಕಾರ್ಬೀನು ಹುಟ್ಟಿರಲೇ ಇಲ್ಲ. ಸಾಯಿಮಾ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಧಾರವಾಡದಲ್ಲಿ ಯಾರೋ ಶುದ್ಧ ಮಾಡಿಟ್ಟದ್ದನ್ನು ಬಳಸಿ ರೂಢಿಯಾಗಿ, ಬಾಟಲಿಯನ್ನು ನೋಡುವುದೇ ಅವಳಿಗೆ ಮರೆತಿತ್ತು.

"ಖರೆ ಐತ್ರಿ ಮೂಕಪ್ಪ. ನನ್ನ ತಪ್ಪದು," ಎಂದಳು.

ಇಬ್ಬರೂ ಸೇರಿ ಆ ಬೆಂಜಾಲ್ಡಿಹೈಡನ್ನು ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು ಬಟ್ಟಿ ಇಳಿಸಿದರು. ಮೂರನೆಯ ಸಲ ಮಿಶ್ರಣವನ್ನು ಒಂದು ದಿನ ಬಿಟ್ಟು, ಐಸಿನಲ್ಲಿಟ್ಟು, ಗಾಜಿನ ಕಡ್ಡಿಯಿಂದ ಪಾತ್ರೆಯ ಒಳಮೈ ಕೆರೆದಾಗ ತಳದಲ್ಲಿ ಬಿಳಿ ಹರಳು ಇಳಿಯತೊಡಗಿತು. ಶೃತಿ ಬಗ್ಗಿ ನೋಡಿದಳು. ಸಾಯಿಮಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು.

ಅವಳು ಬರೆದು ಸುತ್ತಲಿನ ಕಾಲೇಜುಗಳಿಗೆ ಕಳಿಸಿದ ಎರಡು ಪುಟದ ವಿಧಾನದ ಕೆಳಗೆ ಮೂಕಪ್ಪನ ಹೆಸರೂ ಇತ್ತು. ಅದನ್ನೋದಿದ ಮುಂಡರಗಿಯ ಕಾಲೇಜೊಂದು ಇಬ್ಬರನ್ನೂ ಕರೆಸಿತು. ಕಾರ್ಬೀನಿನ ಪಾಠ ಅವಳು ಮಾಡಿದಳು. ಬಟ್ಟಿ ಇಳಿಸುವುದನ್ನು ಮೂಕಪ್ಪ ತೋರಿಸುವಾಗ ಹಿಂದಿನ ಬೆಂಚಿನಲ್ಲಿ ಕುಳಿತು, ಮಕ್ಕಳ ಜೊತೆ ತಾನೂ ಬರೆದುಕೊಂಡಳು.