ಕೆಂಚನ ದವಡೆ ಹಲ್ಲು

ದೇವದುರ್ಗದ ಕಡೆಯ ಗದಿಗೆಮ್ಮ ತೆಲುಗು ಸೀಮೆಯ ಶಹರಕ್ಕೆ ದುಡಿಯಲು ಬಂದು, ಅಮೀರ್‌ಪೇಟ್‌ನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ಗಂಡ ಗೊಲ್ಲಾಳಪ್ಪನದು ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ. ಗಚ್ಚಿಬೌಲಿ ಕಡೆ ಸಾಲುಸಾಲಾಗಿ ಕಂಪನಿ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಕಟ್ಟಡ ಎಲ್ಲಿಯೋ ಅವನ ತಗಡಿನ ಶೆಡ್ಡೂ ಅಲ್ಲೇ. ಗದಿಗೆಮ್ಮ ಹಾಸ್ಟೆಲಿನ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಉಳಿದಿದ್ದಳು.

ಹಾಸ್ಟೆಲಿನ ಗೇಟಿಗೆ ಒಂದು ನಾಯಿ ಇತ್ತು. ಮರಿಯಿದ್ದಾಗಲೇ ಬಂದು ಸೇರಿಕೊಂಡದ್ದು. ಗದಿಗೆಮ್ಮ ಅದಕ್ಕೆ ಕೆಂಚ ಎಂದಳು, ಹುಡುಗಿಯರು ಬ್ರೌನಿ ಎಂದರು. ಎರಡಕ್ಕೂ ಅದು ಬಾಲ ಆಡಿಸುತ್ತಿತ್ತು. ಕಂಪ್ಯೂಟರ್ ಕ್ಲಾಸು ಮುಗಿಸಿ ಬರುವ ಹುಡುಗಿಯರು ಅದಕ್ಕೆ ಕ್ರೀಮ್ ಬಿಸ್ಕೀಟು, ಚಹಾದಲ್ಲಿ ಅದ್ದಿದ ಬನ್ನು, ಯಾರದಾದರೂ ಹುಟ್ಟುಹಬ್ಬವಿದ್ದರೆ ಕೇಕು ಹಾಕುವರು. ಹೀಗೆ ಐದಾರು ವರ್ಷ ಕಳೆಯಿತು. ಅದರ ಬಾಯಿಯ ಬಗ್ಗೆ ಯಾರೂ ಯೋಚಿಸಲಿಲ್ಲ. ನಾಯಿಗೆ ಹಲ್ಲುಜ್ಜುವುದುಂಟೇ?

ಮೊದಲು ಬಂದದ್ದು ವಾಸನೆ. ಮುಖದ ಹತ್ತಿರ ಬಂದರೆ ಹುಡುಗಿಯರು ಮೂಗು ಮುಚ್ಚಿಕೊಂಡು ಸರಿಯತೊಡಗಿದರು. ಆಮೇಲೆ ಕೆಂಚ ರೊಟ್ಟಿಯ ತುಂಡನ್ನು ಬಾಯಿಗೆ ತೆಗೆದುಕೊಂಡು ಕೆಳಗೆ ಬೀಳಿಸತೊಡಗಿತು. ಗದಿಗೆಮ್ಮ ತುಟಿ ಸರಿಸಿ ನೋಡಿದರೆ ಹಲ್ಲಿನ ಬುಡಕ್ಕೆಲ್ಲ ಸುಣ್ಣ ಮೆತ್ತಿದಂತೆ ಹಳದಿ ಪಾಚಿ. ಬಟ್ಟೆಯಿಂದ ಒರೆಸಲು ಹೋದಳು. ಎಡಕ್ಕೆ ಬೆರಳು ತಾಗುತ್ತಲೇ ಅದು ಕುಂಯ್ ಎಂದು ತಲೆ ಕೊಸರಿಕೊಂಡಿತು. ಒಲೆಯ ಮೇಲೆ ಅನ್ನ ಉಕ್ಕುತ್ತಿತ್ತು, ಅವಳು ಎದ್ದು ಹೋದಳು.

ಒಂದು ಸಂಜೆ ರಾಯಚೂರಿನ ಕಾವ್ಯಾ ಎಂಬ ಹುಡುಗಿ ಇಂಟರ್‌ವ್ಯೂನಲ್ಲಿ ಸೋತು ಬಂದು ಮೆಟ್ಟಿಲ ಮೇಲೆ ಕೂತಳು. ದುಃಖ ತಡೆಯದೆ ಕೆಂಚನ ಮುಖವನ್ನು ಎರಡೂ ಕೈಯಿಂದ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು. ಅದು ಕಿರುಚಿ ಅವಳ ಅಂಗೈಗೆ ಬಾಯಿ ಹಾಕಿತು.

ರಕ್ತ, ಕೂಗಾಟ, ಆಸ್ಪತ್ರೆ, ಸೂಜಿ. ಹುಚ್ಚುನಾಯಿ ಎಂಬ ಮಾತು ರಾತ್ರಿಯೊಳಗೆ ಊರೂರಿಗೆ ಫೋನಿನಲ್ಲಿ ಹೋಯಿತು. ಬೆಳಿಗ್ಗೆ ಹಾಸ್ಟೆಲಿನ ಮಾಲಕ, ಹುಮನಾಬಾದಿನ ಮಾಣಿಕಪ್ಪ, ಗೇಟಿಗೆ ಬಂದು ನಿಂತ.

"ಗದಿಗೆಮ್ಮ, ನಾಯಿ ಹಿಡಿಯೋ ಗಾಡಿಗಿ ಫೋನ್ ಮಾಡೀನಿ. ಹುಡುಗಿಯರ ಅಪ್ಪಂದಿರು ಒಂದೇ ಸಮ ಬೈಲಾಕತ್ಯಾರ."

"ಹುಚ್ಚಲ್ಲರಿ ಅಣ್ಣಾರ. ಅದಕ ಬಾಯಾಗ ಏನೋ ಬ್ಯಾನಿ ಐತಿ."

ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಕಾವ್ಯಾ ಒಳಗಿನಿಂದ ಬಂದಳು. "ಅದು ಮೈಮ್ಯಾಲೆ ಬರಲಿಲ್ಲರಿ ಅಂಕಲ್. ನಾನೇ ಅದರ ಗಲ್ಲ ಒತ್ತಿದೆ. ಕಚ್ಚಿದ ನಾಯಿನ ಹತ್ತು ದಿನ ಕಣ್ಣಮುಂದ ಇಟ್ಟು ನೋಡ್ರಿ ಅಂತ ಡಾಕ್ಟರೂ ಹೇಳ್ಯಾರ. ಈಗ ಒಯ್ದು ಬಿಟ್ರ ಹೆಂಗ?"

ಆಗ ಎಲ್ಲರೂ ಸರಿಯಾಗಿ ನೋಡಿದರು. ಕೆಂಚನ ಎಡಗಣ್ಣಿನ ಕೆಳಗೆ ನಿಂಬೆಹಣ್ಣಿನಷ್ಟು ಬಾವು ಎದ್ದಿತ್ತು.

ಗೊಲ್ಲಾಳಪ್ಪ ಒಂದು ದಿನದ ಕೂಲಿ ಬಿಟ್ಟು ಬಂದ. ಬಾಯಿಗೆ ಬಟ್ಟೆ ಕಟ್ಟಿ, ಆಟೋದಲ್ಲಿ ಹಾಕಿಕೊಂಡು, ಇಬ್ಬರೂ ಹತ್ತಿರದ ನಾಯಿ ಡಾಕ್ಟರ ಬಳಿಗೆ ಹೋದರು. ಡಾಕ್ಟರು ತೆಲುಗಿನಲ್ಲಿ ತಾಳ್ಮೆಯಿಂದಲೇ ಹೇಳಿದರು: ದವಡೆ ಹಲ್ಲಿನ ಬುಡ ಕೀವುಗಟ್ಟಿದೆ, ಆ ನೋವಿಗೇ ಕಚ್ಚಿದೆ. ಮಂಪರು ಕೊಟ್ಟು ಹಲ್ಲು ಕೀಳಬೇಕು, ಉಳಿದವನ್ನು ಮಷೀನಿನಿಂದ ಸ್ವಚ್ಛ ಮಾಡಬೇಕು. ಮರಿಯಿದ್ದಾಗಿನಿಂದ ಹಲ್ಲುಜ್ಜುವುದು ರೂಢಿಯಾಗಿದ್ದರೆ, ಸಿಹಿ ಹಾಕದಿದ್ದರೆ ಇಷ್ಟಕ್ಕೆ ಬರುತ್ತಿರಲಿಲ್ಲ. ಅವರು ಹೇಳಿದ ಖರ್ಚು ಗದಿಗೆಮ್ಮನ ಎರಡು ತಿಂಗಳ ಪಗಾರಕ್ಕಿಂತ ಹೆಚ್ಚು.

ಹೊರಗೆ ಬಂದು ಗೊಲ್ಲಾಳಪ್ಪ ಬೀಡಿ ಹಚ್ಚಿದ. "ನಾಯಿ ಹಲ್ಲಿಗೆ ಇಷ್ಟು ರೊಕ್ಕ ಸುರುವಿದ್ವಿ ಅಂದ್ರ ಊರಾಗ ಮಂದಿ ನಗತಾರ."

"ನಗಲಿ ಬಿಡ್ರಿ. ಹಲ್ಲು ಬ್ಯಾನಿ ಅಂದ್ರ ಏನಂತ ನಿಮಗ ಗೊತ್ತಿಲ್ಲೇನು?"

ಅವನು ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿದ. ಕೆಂಚ ಅವನ ಕಾಲಿಗೆ ತಲೆ ಆನಿಸಿ ನಡುಗುತ್ತಿತ್ತು.

ಸರ್ಕಾರಿ ಪಶು ದವಾಖಾನೆಯಲ್ಲಿ ಹಲ್ಲು ಕೀಳುತ್ತಾರೆ, ಔಷಧದ ಖರ್ಚು ಕೊಟ್ಟರೆ ಸಾಕು, ಆದರೆ ಸ್ವಚ್ಛ ಮಾಡುವ ಮಷೀನಿಲ್ಲ ಎಂದು ಆ ಡಾಕ್ಟರೇ ತಿಳಿಸಿದ್ದರು. ಔಷಧದ ದುಡ್ಡಿಗೆ ಗದಿಗೆಮ್ಮ ಮಾಣಿಕಪ್ಪನನ್ನು ಕೇಳಿದಳು. ಅವನು ಕೊಟ್ಟ. ಕೊಡುವಾಗ ಹೇಳಿದ:

"ಹತ್ತು ದಿನ ಹಿತ್ತಲದಾಗ ಕಟ್ಟಿ ಹಾಕು. ಆಮ್ಯಾಲ ಅದು ಇಲ್ಲಿ ಇರಬಾರದು ನೋಡವ್ವ. ನಂಗೂ ಮನಸ್ಸಿಗಿ ಛಲೋ ಅನಸಂಗಿಲ್ಲ. ಖರೆ, ರೂಮು ಖಾಲಿ ಆದ್ರ ನಾ ಏನ್ ಮಾಡ್ಲಿ?"

ಹಲ್ಲು ಕಿತ್ತರು. ಮೂರು ಬೇರಿನ ದೊಡ್ಡ ಹಲ್ಲು, ಕಪ್ಪಗಾಗಿತ್ತು. ಇದನ್ನು ಬಾಯಲ್ಲಿಟ್ಟುಕೊಂಡು ಇಷ್ಟು ದಿನ ಗೇಟು ಕಾಯಿತಲ್ಲ ಎಂದು ಗದಿಗೆಮ್ಮ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು. ವಾರದಲ್ಲಿ ಬಾವು ಇಳಿಯಿತು, ಕೆಂಚ ಮೆತ್ತಗಿನ ಅನ್ನ ನೆಕ್ಕಿ ನೆಕ್ಕಿ ತಿಂದಿತು. ಹುಚ್ಚು ಇಲ್ಲವೆಂಬುದು ಖಾತ್ರಿಯಾಯಿತು. ಆದರೂ ಹುಡುಗಿಯರು ಹಿತ್ತಲಿಗೆ ಬರಲು ಹೆದರಿದರು. ಕಾವ್ಯಾ ಒಬ್ಬಳೇ ಬಂದು, ಎರಡು ಮಾರು ದೂರ ನಿಂತು ಮಾತಾಡಿಸಿ ಹೋಗುತ್ತಿದ್ದಳು. ಮುಟ್ಟಲು ಅವಳ ಕೈಯೂ ಮುಂದಾಗಲಿಲ್ಲ.

ಹತ್ತು ದಿನವಾದ ಮೇಲೆ ಗೊಲ್ಲಾಳಪ್ಪ ಕೆಂಚನನ್ನು ಗಚ್ಚಿಬೌಲಿಯ ಶೆಡ್ಡಿಗೆ ಒಯ್ದ. ಗದಿಗೆಮ್ಮ ರವಿವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ, ಅದನ್ನು ತೊಡೆಯ ಸಂದಿಯಲ್ಲಿ ಕೂಡಿಸಿಕೊಂಡು, ಉಳಿದ ಹಲ್ಲುಗಳನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದಳು. ಕೂಲಿಯ ಹೆಂಗಸರು ನಗುತ್ತಿದ್ದರು. ಹಳೆಯ ಪಾಚಿ ಬಟ್ಟೆಗೆ ಹೋಗುವಂಥದ್ದಲ್ಲ. ಬಲಗಡೆಯೂ ಒಂದು ಹಲ್ಲು ಅಲುಗತೊಡಗಿದ್ದು ಅವಳ ಬೆರಳಿಗೆ ಗೊತ್ತಾಗಿತ್ತು. ಅದನ್ನು ಗಂಡನಿಗೆ ಹೇಳಲಿಲ್ಲ.

ಮಳೆಗಾಲದ ಹೊತ್ತಿಗೆ ಕಟ್ಟಡ ಮುಗಿಯಿತು. ಮೇಸ್ತ್ರಿ ಕೂಲಿಯವರನ್ನೆಲ್ಲ ಲಾರಿಯಲ್ಲಿ ಶಂಶಾಬಾದಿನ ಕಡೆ ಹೊಸ ಕೆಲಸಕ್ಕೆ ಸಾಗಿಸಿದ. ಗೊಲ್ಲಾಳಪ್ಪ ಅಲ್ಲಿಂದ ಫೋನು ಮಾಡಿದ.

"ನಾಯಿನ ಲಾರಿಗೆ ಹತ್ತಿಸಗೊಡಲಿಲ್ಲ. ವಾಚ್‌ಮನ್ ನೋಡ್ಕೋತೀನಿ ಅಂದಾನ."

"ಅವನ ಹೆಸರೇನ್ರಿ?"

"ಕೇಳಲಿಲ್ಲ," ಎಂದು ಅವನು ಸಣ್ಣ ದನಿಯಲ್ಲಿ ಹೇಳಿದ.

ಆ ರವಿವಾರ ಗದಿಗೆಮ್ಮ ಹೋದಳು. ಶೆಡ್ಡುಗಳಿದ್ದ ಜಾಗದಲ್ಲಿ ಹುಲ್ಲುಹಾಸು ಹಾಸುತ್ತಿದ್ದರು. ನೀಲಿ ಅಂಗಿಯ ಹೊಸ ಕಾವಲುಗಾರರು ಗೇಟಿನಲ್ಲೇ ತಡೆದರು. ಹಳೆಯ ವಾಚ್‌ಮನ್ ಯಾರೋ, ನಾಯಿ ಯಾವುದೋ ಅವರಿಗೆ ಗೊತ್ತಿರಲಿಲ್ಲ. ಅವಳು ಕಂಪೌಂಡಿನ ಹೊರಗೋಡೆಯ ಗುಂಟ, "ಕೆಂಚಾ, ಕೆಂಚಾ" ಎಂದು ಕರೆಯುತ್ತ ಪೂರ್ತಿ ಒಂದು ಸುತ್ತು ಬಂದಳು. ಎಲ್ಲೆಲ್ಲಿಂದಲೋ ಬೇರೆ ನಾಯಿಗಳು ಬೊಗಳಿದವು. ಮತ್ತೊಂದು ಸುತ್ತು ಹಾಕುವ ಮನಸ್ಸಿತ್ತು. ಆದರೆ ಹೊತ್ತು ಇಳಿಯುತ್ತಿತ್ತು, ಹುಡುಗಿಯರ ರಾತ್ರಿಯೂಟಕ್ಕೆ ಇನ್ನೂ ಹಿಟ್ಟು ಕಲಸಿರಲಿಲ್ಲ. ಬಸ್ಸು ಬಂತು, ಹತ್ತಿದಳು.