ಬತ್ತಿ ಅವ್ವನ ಕಳ್ಳಪುಣ್ಯ

ಮೊನ್ನೆ ಉಪ್ಪಿನಕಾಯಿಗೆಂದು ನಿಂಬೆಹಣ್ಣು ಹೆಚ್ಚಲು ಕೂತಿದ್ದೆ. ಎದುರು ಮನೆಯ ಸೊಸೆ ತಾನೂ ಒಂದು ಈಳಿಗೆ ಹಿಡಿದುಕೊಂಡು ಬಂದು ಜೊತೆಗೆ ಕೂತಳು. ಶಿವನ ದಯೆ ಅನ್ನಬೇಕು. ಈ ಮಂಡಿನೋವಿನಲ್ಲಿ ಅಷ್ಟೂ ಹಣ್ಣು ನನ್ನೊಬ್ಬಳಿಂದ ಆಗುತ್ತಿರಲಿಲ್ಲ. ಬೆಳಿಗ್ಗೆ ನಳಕ್ಕೆ ನೀರು ಬಂದದ್ದು ಒಂದು ದಯೆ, ಇವಳು ಬಂದದ್ದು ಇನ್ನೊಂದು. ದಿನಕ್ಕೆ ಇಂಥ ಎರಡು ಸಿಕ್ಕರೆ ಸಾಕು ಅನ್ನುವಷ್ಟು ದಣಿದಿದ್ದೇನೆ ಈಗೀಗ. ಮೊದಲ ಹಣ್ಣು ಕೊಯ್ದೆ, ಹುಳಿ ವಾಸನೆ ಮೂಗಿಗೆ ಬಡಿಯಿತು… ಕೈ ನಿಂತುಬಿಟ್ಟಿತು. ಹದಿನೆಂಟು ವರ್ಷದ ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದ ಮುದುಕಿ ಕಣ್ಣ ಮುಂದೆ ಬಂದು ನಿಂತಳು.

ಓಣಿಗೆಲ್ಲ ಅವಳು ಬತ್ತಿ ಅವ್ವ. ಆಂಧ್ರದ ಅಂಚಿನ ನಮ್ಮ ಆದೋನಿಯಲ್ಲಿ ಹತ್ತಿ ಗಾಡಿಗಳು ನಮ್ಮ ಓಣಿಯ ಮೇಲೇ ಮಿಲ್ಲಿಗೆ ಹೋಗುತ್ತಿದ್ದವು. ಬೇಲಿಗೆ, ಕಂಬಕ್ಕೆ ಸಿಕ್ಕಿಕೊಂಡ ಹತ್ತಿ ಆಯ್ದು ತಂದು, ದೀಪದ ಬತ್ತಿ ಹೊಸೆದು, ಗುಡಿ ಮುಂದೆ ಕೂತು ಮಾರುತ್ತಿದ್ದಳು. ಶಾಲೆ ಬಿಟ್ಟಿತೆಂದರೆ ಓಣಿಯ ಏಳೆಂಟು ಮಕ್ಕಳು ಅವಳ ಕಟ್ಟೆಯ ಮೇಲೆ. ಅವರಿಗೆ ಅವಳು ಒಂದು ಆಟ ಕಲಿಸಿದ್ದಳು. ಅದರ ಹೆಸರು ಕಳ್ಳಪುಣ್ಯ. ಕಳ್ಳರ ಹಾಗೆ ಹೋಗಿ ಯಾರಿಗಾದರೂ ಒಳ್ಳೆಯದು ಮಾಡಿ ಓಡಿ ಬರಬೇಕು.

"ಯಾರರ ನೋಡಿದ್ರ ಪುಣ್ಯ ಅರ್ಧ ಹೋತು. ನೀವಾಗೇ ಬಾಯಿಬಿಟ್ರ ಪೂರಾ ಹೋತು, ನೋಡ್ರಿ ಮತ್ತ!" ಎಂದು ಹೆದರಿಸುತ್ತಿದ್ದಳು.

ಕೌದಿ ಹೊಲಿಯುವ ಅಜ್ಜಿಗೆ ಕಣ್ಣು ಮಂಜು. ಮಕ್ಕಳು ಹತ್ತು ಸೂಜಿಗೆ ದಾರ ಪೋಣಿಸಿ ಅವಳ ಅರಿವೆ ಗಂಟಿಗೆ ಚುಚ್ಚಿಟ್ಟು ಬರುತ್ತಿದ್ದರು. ಗುಡಿಯ ಹೊರಗೂ ಮಸೀದಿಯ ಹೊರಗೂ ಬಿಟ್ಟ ಚಪ್ಪಲಿಗಳನ್ನೆಲ್ಲ ಹಿಂದುಮುಂದು ತಿರುಗಿಸಿಡುತ್ತಿದ್ದರು, ಹೊರಗೆ ಬಂದವರು ನೆಟ್ಟಗೆ ಕಾಲು ತೂರಿಸಿ ನಡೆಯಲೆಂದು.

ನನಗಾಗ ಮದುವೆಯಾಗಿ ಆರು ವರ್ಷ. ಮಡಿಲು ತುಂಬಿರಲಿಲ್ಲ, ಮುಂದೆಯೂ ತುಂಬಲಿಲ್ಲ. ಮಂದಿಯ ಮಾತಿಗೆ ಅಂಜಿ ಒಳಗೇ ಇರುತ್ತಿದ್ದೆ. ಒಂದು ದಿನ ಅವ್ವ ಬಾಗಿಲಿಗೇ ಬಂದಳು. "ಏ ಹುಡುಗಿ, ಕುಂತು ಗೋಡಿ ಎಣಸ್ತಿಯೇನ? ನನ್ನ ಕಳ್ಳರು ಭಾಳ ಆಗ್ಯಾರ. ಕಾವಲಿಗೆ ಒಬ್ಬಾಕಿ ಬೇಕಾಗ್ಯಾಳ, ಬಾ." ಹಾಗೆ ನಾನೂ ಸೇರಿಕೊಂಡೆ. ಆ ಮಕ್ಕಳು ನನ್ನ ಸೆರಗು ಹಿಡಿದು ಎಳೆಯುತ್ತಿದ್ದ ಸಂಜೆಗಳನ್ನು ಈಗಲೂ ದೇವರ ಮುಂದೆ ನೆನೆಯುತ್ತೇನೆ.

ಆ ವರ್ಷ ಎದುರು ಮನೆಯ ಸೊಸೆ, ಇದೇ ಈಳಿಗೆ ಹಿಡಿದು ಕೂತವಳು, ಚೊಚ್ಚಲ ಬಸುರಿ. ಉಂಡದ್ದು ನಿಲ್ಲುತ್ತಿರಲಿಲ್ಲ, ಹುಳಿ ಬೇಕೆನಿಸುತ್ತದೆ ಎಂದಿದ್ದಳು. ನಮ್ಮ ಹಿತ್ತಲ ಗಿಡದಿಂದ ಒಂದು ನಿಂಬೆಹಣ್ಣು ಕಿತ್ತು ಮಕ್ಕಳ ಕೈಗೆ ಕೊಟ್ಟೆ. ಎಂಟು ವರ್ಷದ ಹುಡುಗಿಯೊಬ್ಬಳಿಗೆ ಅದನ್ನು ಬರಿದೇ ಇಡಲು ಮನಸ್ಸಾಗಲಿಲ್ಲ. ಬಸುರಿ ಅಕ್ಕ ನಗಲಿ ಎಂದು ಕುಂಕುಮದಲ್ಲಿ ಕಣ್ಣು, ಮೀಸೆ ಬರೆದಳು. ಅವ್ವನ ಹತ್ತಿಯಿಂದ ತಲೆಗೂದಲು ಅಂಟಿಸಿದಳು. ಮಧ್ಯಾಹ್ನ ಎದುರು ಮನೆಯ ಅತ್ತೆ ಅಡ್ಡಾದ ಹೊತ್ತಿಗೆ ಹೊಸ್ತಿಲ ಮೇಲಿಟ್ಟು ಓಡಿ ಬಂದರು.

ಬಸುರಿ ಇರುವ ಮನೆಯ ಹೊಸ್ತಿಲು, ಅದರ ಮೇಲೆ ಕುಂಕುಮ ಹಚ್ಚಿದ ನಿಂಬೆಹಣ್ಣು… ನನಗಾದರೂ ಹೊಳೆಯಬೇಕಿತ್ತು.

"ಎವರೇ ಇದಿ ಪೆಟ್ಟಿಂದಿ? ಯಾರಿಟ್ಟೀರಿ, ಹೊರಗ ಬರ್ರಿ! ನನ್ನ ಸೊಸಿಗೆ ಮಾಟ ಮಾಡ್ಯಾರ!" ಅತ್ತೆಯ ಕೂಗಿಗೆ ಓಣಿಯೇ ನೆರೆಯಿತು. ಗುಂಪಿನಲ್ಲಿ ಯಾರೋ ಅಂದರು, "ಮತ್ತೊಬ್ರ ಹೊಟ್ಟಿ ಮ್ಯಾಲೆ ಯಾರಿಗೆ ಕಣ್ಣಿರತೈತಿ? ಖಾಲಿ ಮಡಿಲಿನಾಕಿಗೆ." ಎಲ್ಲರೂ ನನ್ನತ್ತ ತಿರುಗಿದರು. ಮೀಸೆ ಬರೆದ ಹುಡುಗಿ ನನ್ನ ಸೀರೆ ಹಿಡಿದು ನಿಂತಿದ್ದಳು.

ಅವ್ವ ಗುಂಪು ಸರಿಸಿಕೊಂಡು ಬಂದಳು. "ನಾನ ಇಟ್ಟೀನವ್ವ. ಮಾಟ ಇದ್ರ ಮೊದಲು ನನಗ ತಟ್ಟಲಿ," ಎಂದು ಆ ಹಣ್ಣನ್ನು ಕುಂಕುಮ ಸಮೇತ ಕಚ್ಚಿ ಅಗಿದಳು.

"ಕೊಡಾಕಿ ಕೈಯಾಗ ಕೊಡಬೇಕಿತ್ತು. ಕದ್ದು ಯಾಕಿಟ್ಟಿ?" ಎಂದು ಅತ್ತೆ ಕೇಳಿದಳು.

ಅದಕ್ಕೆ ಅವ್ವ ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಮಕ್ಕಳ ಹೆಸರು ಬರುತ್ತಿತ್ತು, ನನ್ನ ಹೆಸರೂ. ಅವಳು ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ಬಾಯಿಬಿಡುತ್ತಿದ್ದೆನೋ ಏನೋ… ಬಾಯಿಬಿಟ್ಟರೆ ಪುಣ್ಯ ಹೋಗುತ್ತದೆ ಎಂದು ಅವಳೇ ಹೇಳಿದ್ದಳಲ್ಲ, ಆ ಮಾತಿನ ಹಿಂದೆ ಅಡಗಿಕೊಂಡೆ.

ಆಮೇಲೆ ಮಕ್ಕಳನ್ನು ಯಾರೂ ಅವಳ ಕಟ್ಟೆಗೆ ಬಿಡಲಿಲ್ಲ. ಗುಡಿ ಮುಂದೆ ಅವಳ ಕೈಯ ಬತ್ತಿ ಕೊಳ್ಳುವವರು ಇಲ್ಲವಾದರು. ಕೂಸು ಸುಖವಾಗಿ ಹುಟ್ಟಿದರೂ ಅಷ್ಟೇ. ಅವ್ವ ಪೆದ್ದಕಡುಬೂರಿನ ತಂಗಿಯ ಮನೆಗೆ ಹೋದಳು. ಬಸ್ಸಿದೆ, ದೂರವೇನಲ್ಲ. ಹೋಗಿ ನೋಡಿ ಬರಬೇಕು, ಹಬ್ಬ ಮುಗಿಯಲಿ, ಮಳೆ ನಿಲ್ಲಲಿ ಎನ್ನುತ್ತಲೇ ವರ್ಷಗಳು ಕಳೆದವು. ತೀರಿಕೊಂಡಳೆಂಬ ಸುದ್ದಿ ಬಂದಾಗ ಮಣ್ಣಾಗಿ ಮೂರು ದಿನವಾಗಿತ್ತು.

"ಯಾಕಕ್ಕ, ಸುಮ್ಮನಾದಿ?" ಎಂದಳು ಎದುರು ಮನೆಯವಳು.

ಹೇಳಿಬಿಟ್ಟೆ. "ಆ ಹಣ್ಣು ಅವ್ವಂದಲ್ಲ. ನಮ್ಮ ಗಿಡದ್ದು. ಹುಡುಗರ ಕೈಯಾಗ ಕಳಿಸಿದಾಕಿ ನಾನು."

ಅವಳು ತಲೆ ಎತ್ತಲಿಲ್ಲ. "ಗೊತ್ತೈತಿ. ಹುಡುಗರು ಇಡೋದು ಕಿಟಕ್ಯಾಗಿಂದ ನೋಡೀನಿ. ಆ ಮೀಸಿ ನೋಡಿ ನಕ್ಕೂ ನಕ್ಕೀನಿ. ತಗೊಳ್ಳಾಕ ಬರೋದ್ರಾಗ ಅತ್ತಿ ಎದ್ದಿದ್ರು."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ನೀ ಯಾಕ ಹೇಳಲಿಲ್ಲ?"

ಎದುರು ಬದುರು ಮನೆಯಲ್ಲಿ ಇದ್ದುಕೊಂಡು ಇಷ್ಟು ವರ್ಷ ಒಂದೇ ಭಾರವನ್ನು ಬೇರೆ ಬೇರೆ ಹೊತ್ತಿದ್ದೆವು. ಇಳಿಸಿ ಕ್ಷಮೆ ಕೇಳೋಣವೆಂದರೆ ಅವ್ವನೇ ಇಲ್ಲ.

ಅವಳು ಈಳಿಗೆ ಬದಿಗಿಟ್ಟು ಅಂದಳು, "ಅತ್ತಿ ಈಗೂ ಆಕಿನ್ನ ಮಾಟಗಾತಿ ಅಂತಾರ, ಅಕ್ಕ. ಹಾಸಗ್ಯಾಗ ಅದಾರ, ಕಿವಿ ಮಾತ್ರ ಛಲೋ ಅದಾವ."

"ನಡಿ ಹಂಗಾರ," ಎಂದು ಮಂಡಿಗೆ ಕೈಯೂರಿ ಎದ್ದೆ.